ಕಾವಿಗೆ ಕೂತಿದೆ ಎಂದುಕೊಂಡಿದ್ದೆ

ಅಕ್ಕ ನನ್ನ ಕೈಗೆ ಒಪ್ಪಿಸಿ ಹೋದದ್ದು ಒಂದೇ ಒಂದು ಹೇಂಟೆ ಕೋಳಿಯನ್ನು. ಅದನ್ನು ನಾನು ನೋಡಿಕೊಳ್ಳಲಿಲ್ಲ. ಅಕ್ಕಿ ಹಾಕಿದೆ, ನೀರು ಇಟ್ಟೆ, ಸಂಜೆ ಗೂಡಿನ ಬಾಗಿಲು ಮುಚ್ಚಿದೆ. ಆದರೆ ನೋಡಲಿಲ್ಲ. ಅದಕ್ಕೆ ಕಾಯಿಲೆ ಹತ್ತಿ ಹತ್ತು ಹನ್ನೆರಡು ದಿನ ಕಳೆದರೂ ನನಗೆ ತಿಳಿಯಲಿಲ್ಲ. ತಿಳಿಯದೆ ನಾನು ಮಾಡಿದ ಉಪಚಾರ ಕಾಯಿಲೆಗಿಂತ ಕೆಟ್ಟದ್ದಾಗಿತ್ತು. ಕೊನೆಗೆ ತಿಳಿದ ಮೇಲೆ ಅಕ್ಕನಿಗೆ ಹೇಳಲೂ ಇಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ಕಾಪುವಿನ ತಾಯಿಮನೆಗೆ ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ನನಗೆ ಮದುವೆಯಾಗಲಿಲ್ಲ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವು ಮೂವರು, ಮಗಳು ಮದುವೆಯಾಗಿ ಕಾರ್ಕಳಕ್ಕೆ ಹೋದ ಮೇಲೆ ನಾವಿಬ್ಬರೇ. ಹೆದ್ದಾರಿ ದಾಟಿ ಕಡಲಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಆದಿತ್ಯವಾರ ದೀಪಸ್ತಂಭ ನೋಡಲು ಬರುವವರ ಕಾರುಗಳ ಧೂಳು ಜಗಲಿಯವರೆಗೂ ಬರುತ್ತದೆ. ಉಳಿದ ದಿನ ಯಾರೂ ಇಲ್ಲ.

ಮೀನು ಮಾರುವುದು ನನ್ನ ಕೆಲಸ. ಬೆಳಿಗ್ಗೆ ಮೀನು ಹಿಡಿದುಕೊಂಡು ಬಸ್ಸು ಹತ್ತಿ ಅಲೆವೂರಿಗೆ ಹೋಗುತ್ತೇನೆ, ಮನೆ ಮನೆಗೆ ಕೊಟ್ಟು ಮಧ್ಯಾಹ್ನ ವಾಪಸು ಬರುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಅವೇ ಮನೆಗಳು. ಕಿವಿರು ಎತ್ತಿ ನೋಡಿದರೆ ಸಾಕು, ಮೀನು ಯಾವಾಗ ಹಿಡಿದದ್ದು, ಎಷ್ಟು ದಿನ ಮಂಜುಗಡ್ಡೆಯಲ್ಲಿ ಇತ್ತು ಎಂದು ಹೇಳುತ್ತೇನೆ. ಸತ್ತದ್ದನ್ನು ನೋಡಿ ನೋಡಿ ಪಳಗಿದ ಕಣ್ಣು ನನ್ನದು. ಜೀವ ಇರುವುದನ್ನು ನೋಡುವ ಕಣ್ಣು ಬೇರೆಯೇ ಎಂಬುದು ನನಗೆ ಗೊತ್ತಿರಲಿಲ್ಲ.

ಆ ಕಣ್ಣು ಅಕ್ಕನಿಗಿತ್ತು. ಮೊಣಕಾಲು ನೋವು ಬಂದು ಹೊರಗಿನ ಕೆಲಸ ಬಿಟ್ಟ ಮೇಲೆ ಕೋಳಿ ಸಾಕತೊಡಗಿದಳು. ಒಂದು ಕಾಲದಲ್ಲಿ ಹದಿನಾಲ್ಕು ಇದ್ದವು. ಕೆಲವನ್ನು ಮುಂಗುಸಿ ಹಿಡಿಯಿತು, ಕೆಲವು ನೆಂಟರ ಊಟಕ್ಕೆ ಹೋದವು, ಒಂದು ವರ್ಷ ಕೋಳಿರೋಗ ಬಂದು ಐದು ಒಟ್ಟಿಗೆ ಸತ್ತವು. ಉಳಿದದ್ದು ಬೋಳು ಕುತ್ತಿಗೆಯ ಈ ಕಂದು ಹೇಂಟೆ. ಏಳು ವರ್ಷ ದಾಟಿತ್ತು. ಅಷ್ಟು ವಯಸ್ಸಿನವರೆಗೆ ಕೋಳಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ತಿಂಗಳಿಗೆ ಒಂದೋ ಎರಡೋ ಮೊಟ್ಟೆ ಇಡುತ್ತಿತ್ತು, ಅದೂ ತೆಳು ಚಿಪ್ಪಿನದ್ದು. ಅಕ್ಕ ಮರುವಾಯಿ ಎಂಬ ಕಪ್ಪೆಚಿಪ್ಪನ್ನು ಒಲೆಯಲ್ಲಿ ಸುಟ್ಟು, ಕುಟ್ಟಿ ಪುಡಿ ಮಾಡಿ, ಅನ್ನಕ್ಕೆ ಬೆರೆಸಿ ಹಾಕುತ್ತಿದ್ದಳು.

ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಕೂಡಲೆ ಹೇಂಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪರೀಕ್ಷೆ ಮಾಡುತ್ತಿದ್ದಳು. ಎರಡು ಬೆರಳಿನಲ್ಲಿ ಕುತ್ತಿಗೆಯ ಬುಡದ ಕಾಳಿನ ಚೀಲ ಒತ್ತಿ ನೋಡುವುದು. ರಾತ್ರಿ ತಿಂದದ್ದು ಬೆಳಿಗ್ಗೆ ಕರಗಿರಬೇಕು. ಜುಟ್ಟಿನ ಬಣ್ಣ ನೋಡುವುದು. ಹೊಟ್ಟೆಯ ಅಡಿಗೆ ಅಂಗೈ ಹಿಡಿಯುವುದು. ಬಾಲದ ಕೆಳಗಿನ ಪುಕ್ಕ ಸರಿಸಿ ಹಿಕ್ಕೆ ಅಂಟಿದೆಯೋ ಎಂದು ನೋಡುವುದು. ಆಮೇಲೆ ಕಾಲು. ಅಷ್ಟಾದ ಮೇಲೆ ಕೆಳಗೆ ಬಿಟ್ಟು, ಅದು ನಾಲ್ಕು ಹೆಜ್ಜೆ ನಡೆಯುವವರೆಗೆ ಅಲ್ಲೇ ನಿಲ್ಲುತ್ತಿದ್ದಳು. ನಾನು ಬಸ್ಸಿನ ಗಡಿಬಿಡಿಯಲ್ಲಿ ಮೀನಿನ ಪಾತ್ರೆ ತೊಳೆಯುತ್ತಾ, ನಿನ್ನ ಹೇಂಟೆಗೆ ಸರ್ಟಿಫಿಕೇಟು ಕೊಟ್ಟಾಯಿತಾ ಎಂದು ಕೇಳುತ್ತಿದ್ದೆ. ಒಮ್ಮೆ ನನ್ನನ್ನೂ ಕರೆದಳು, ಬಾ, ಮುಟ್ಟಿ ನೋಡು, ಕಲಿತುಕೋ ಎಂದು. ನನ್ನದು ಮೀನಿನ ಕೈ ಎಂದು ಹೇಳಿ ತಪ್ಪಿಸಿಕೊಂಡೆ.

ದೀಪಾವಳಿ ಕಳೆದ ವಾರ ಅಕ್ಕ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಣಿಪಾಲದಲ್ಲಿ ಆಪರೇಷನ್ ಆಯಿತು. ಮರುದಿನ ಪೂರ್ತಿ ಎಚ್ಚರ ಬಂದ ಮೇಲೆ ಅವಳು ಮೊದಲು ಕೇಳಿದ್ದು ಹೇಂಟೆಯನ್ನು. ದಿನಾ ಎತ್ತಿ ನೋಡು, ಹೊಟ್ಟೆ ಮುಟ್ಟು, ಬಾಲ ಇಳಿಬಿಟ್ಟು ನಿಂತರೆ ಸಸಾರ ಮಾಡಬೇಡ, ವಯಸ್ಸಾದ ಹೇಂಟೆಗೆ ಎಲ್ಲ ಹೊಟ್ಟೆಯಲ್ಲೇ ಶುರುವಾಗುವುದು ಎಂದಳು. ನಾನು ಹೂಂ ಹೂಂ ಎನ್ನುತ್ತಾ ಇದ್ದೆ. ಆ ಹೊತ್ತಿಗೆ ನನ್ನ ಮನಸ್ಸು ಅವಳಿಗೆ ಗಂಜಿ ಎಲ್ಲಿಂದ ತರುವುದು ಎಂಬುದರಲ್ಲಿತ್ತು. ಹಾಗೆಂದು ಈಗ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಿಜವೆಂದರೆ, ಇಷ್ಟೆಲ್ಲ ನೋವಿನ ನಡುವೆಯೂ ಅವಳಿಗೆ ಕೋಳಿಯೇ ದೊಡ್ಡದಾಯಿತಲ್ಲ ಎಂದು ಒಳಗೊಳಗೆ ಸಿಟ್ಟು ಬಂದಿತ್ತು.

ಆಸ್ಪತ್ರೆಯಿಂದ ಅಕ್ಕನನ್ನು ಮಗಳು ನೇರ ಕಾರ್ಕಳಕ್ಕೆ ಕರೆದುಕೊಂಡು ಹೋದಳು. ಅವಳ ಗಂಡನಿಗೆ ಗ್ರಾನೈಟ್ ಕಲ್ಲು ಪಾಲಿಶ್ ಮಾಡುವ ಕೆಲಸ. ಮನೆ ಪೂರ್ತಿ ಸಮತಟ್ಟು, ಕುರ್ಚಿಯಂತೆ ಕೂರುವ ಕಕ್ಕಸು ಮನೆಯೊಳಗೇ ಉಂಟು. ನಮ್ಮಲ್ಲಿ ಎಲ್ಲಿಗೆ ಹೋಗಬೇಕಾದರೂ ಮೆಟ್ಟಿಲು. ಹೊರಡುವ ಮೊದಲು ಮಗಳು ನನ್ನನ್ನು ವರಾಂಡಕ್ಕೆ ಕರೆದು, ಚಿಕ್ಕಮ್ಮ, ಅಮ್ಮ ಇನ್ನು ನಮ್ಮಲ್ಲೇ ಇರಲಿ, ನೀವೂ ಬನ್ನಿ ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮೀನು ಬಿಟ್ಟು ನಾನು ಕಾರ್ಕಳದಲ್ಲಿ ಏನು ಮಾಡಲಿ? ಅಷ್ಟರಲ್ಲಿ ಅಕ್ಕ ಮಂಚದ ಮೇಲಿನಿಂದಲೇ ಹೇಳಿದಳು:

"ಬಿಸುವಿಗೆ ನಾನು ಮನೆಗೆ. ಅಲ್ಲಿ ನನಗೆ ಹೇಂಟೆ ಉಂಟು."

ತಂಗಿ ಉಂಟು ಎನ್ನಲಿಲ್ಲ. ಆದರೂ ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಏಪ್ರಿಲ್ ಮಧ್ಯದ ಬಿಸು ಹಬ್ಬಕ್ಕೆ ಇನ್ನೂ ಐದು ತಿಂಗಳಿತ್ತು. ಹೇಂಟೆ ಇದ್ದರೆ ಅವಳು ಬರುತ್ತಾಳೆ. ಅಲ್ಲಿಂದ ಮುಂದೆ ನನ್ನ ಲೆಕ್ಕ ಇಷ್ಟೇ ಆಗಿತ್ತು.

ಒಬ್ಬಳೇ ಇರುವುದು ನನಗೆ ಅಭ್ಯಾಸವಿರಲಿಲ್ಲ. ಹುಟ್ಟಿದಾಗಿನಿಂದ ಯಾರಾದರೊಬ್ಬರು ಪಕ್ಕದಲ್ಲಿ ಮಲಗಿದವರೇ. ಮಧ್ಯಾಹ್ನ ಬಂದು ಬೀಗ ತೆಗೆದರೆ ಬೆಳಿಗ್ಗೆ ಇಟ್ಟಲ್ಲೇ ಲೋಟ, ಇಟ್ಟಲ್ಲೇ ಚಾಪೆ. ಮೀನು ಸಾರಿಗೆ ತೆಂಗಿನಕಾಯಿ ಅರೆಯುವಾಗ ಕೈಯಳತೆ ಇಬ್ಬರಿಗೆ ಆಗಿಬಿಡುತ್ತಿತ್ತು; ಎರಡು ದಿನ ಅದನ್ನೇ ಕುದಿಸಿ ಕುದಿಸಿ ಉಣ್ಣುತ್ತಿದ್ದೆ. ಟಿವಿ ಹಾಕಿ, ಧ್ವನಿ ತಗ್ಗಿಸಿ, ಬೇರೆ ಕೆಲಸ ಮಾಡುತ್ತಿದ್ದೆ. ಹೇಂಟೆ ಅಡಿಗೆ ಮನೆಯ ಹೊಸ್ತಿಲವರೆಗೆ ಬಂದು, ತಲೆ ಓರೆ ಮಾಡಿ, ನನ್ನನ್ನು ದಾಟಿ ಒಳಗೆ ನೋಡುತ್ತಿತ್ತು. ಅಕ್ಕನನ್ನು ಹುಡುಕುವುದು. ಅವಳಿಲ್ಲ, ಹೋಗು ಎನ್ನುತ್ತಿದ್ದೆ. ಆ ಮನೆಯಲ್ಲಿ ಇಡೀ ದಿನ ನಾನು ಆಡುತ್ತಿದ್ದ ಮಾತು ಕೆಲವೊಮ್ಮೆ ಅದೊಂದೇ.

ಸಂಜೆ ಏಳಕ್ಕೆ ಅಕ್ಕ ಮಗಳ ಫೋನಿನಿಂದ ಕರೆ ಮಾಡುತ್ತಿದ್ದಳು. ಮೊದಲು ಹೇಂಟೆ, ಆಮೇಲೆ ನಾನು. ಹೊಟ್ಟೆ ನೋಡಿದೆಯಾ ಎಂದರೆ ನೋಡಿದೆ ಎನ್ನುತ್ತಿದ್ದೆ. ನೋಡಿರಲಿಲ್ಲ. ಆ ತಿಂಗಳುಗಳಲ್ಲಿ ನಾನು ಅದನ್ನು ಒಂದು ಸಲವೂ ಎತ್ತಿರಲಿಲ್ಲ.

ಜನವರಿಯಲ್ಲಿ ಹೇಂಟೆ ಗೂಡಿನಿಂದ ಹೊರಗೆ ಬರುವುದನ್ನು ಕಡಿಮೆ ಮಾಡಿತು. ಮೂಲೆಯ ಬೈಹುಲ್ಲಿನ ಮೇಲೆ ಪುಕ್ಕ ಕೆದರಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿರುತ್ತಿತ್ತು. ಅಕ್ಕಿ ಹಾಕಿದರೆ ಎದ್ದು ಬಂದು ನಾಲ್ಕು ಕಾಳು ಕುಕ್ಕಿ ಮತ್ತೆ ಅಲ್ಲಿಗೇ. ಬೇಲಿಯಾಚೆಯ ಮನೆಯಾಕೆ ಕೋಳಿ ಸಾಕಿ ಅನುಭವವಿದ್ದವಳು. ಅವಳನ್ನು ಕರೆದು ತೋರಿಸಿದೆ. ಅವಳು ಬಾಗಿಲಲ್ಲೇ ಬಗ್ಗಿ ನೋಡಿ ನಕ್ಕಳು.

"ಎಂತ ಕಾಯಿಲೆ ಮಾರಾಯ್ತಿ? ಕಾವಿಗೆ ಕೂತದ್ದು. ಮುದುಕಿಗೆ ಈಗ ಮರಿ ಮಾಡುವ ಆಸೆ."

ಮೊಟ್ಟೆಯಿಲ್ಲದೆ ಕಾವಿಗೆ ಕೂತ ಹೇಂಟೆಯನ್ನು ಎಬ್ಬಿಸುವ ಕ್ರಮ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊಟ್ಟೆಯ ಕಾವು ಇಳಿಯಲೆಂದು ತಣ್ಣೀರಿಗೆ ಅದ್ದುವುದು. ಮೂರು ದಿನ ಬೆಳಿಗ್ಗೆ ಅದ್ದಿ, ಗೂಡಿನ ಬಾಗಿಲು ಹಾಕಿ ಹೊರಗೆ ಬಿಟ್ಟರೆ ತಾನೇ ಓಡಾಡುತ್ತದೆ. ಅದಕ್ಕೂ ಬಗ್ಗದಿದ್ದರೆ ಅದರದೇ ಒಂದು ಪುಕ್ಕ ಕಿತ್ತು ಮೂಗಿನ ತೂತಿನಲ್ಲಿ ಅಡ್ಡ ತೂರಿಸುವುದು; ಆ ಕಿರಿಕಿರಿಗೆ ಕೂರಲಾಗದೆ ತಿರುಗಾಡುತ್ತದೆ. ನಾನು ಬಾವಿಯ ನೀರು ಸೇದಿ ಬಕೆಟ್ಟಿಗೆ ತುಂಬಿಸಿದೆ. ಇಬ್ಬನಿ ಬೀಳುವ ದಿನಗಳು, ನೀರು ಕೈಗೆ ಕೊರೆಯುತ್ತಿತ್ತು. ಹೇಂಟೆಯ ರೆಕ್ಕೆ ಒತ್ತಿ ಹಿಡಿದು ಹೊಟ್ಟೆಯವರೆಗೆ ಮುಳುಗಿಸಿದೆ. ಅದು ಒದ್ದಾಡಲಿಲ್ಲ. ಕೋಳಿ ನೀರಿನಲ್ಲಿ ಒದ್ದಾಡದೆ ಇರುವುದುಂಟೇ? ಆ ಪ್ರಶ್ನೆ ಆಗ ಬರಲಿಲ್ಲ. ಪಾಪದ್ದು, ಸಾಧು ಎಂದುಕೊಂಡೆ.

ಮೂರು ದಿನ ಅದ್ದಿದೆ. ಮೂರನೆಯ ದಿನ ಬೇಲಿಯಾಚೆಯವಳು ಬಂದು ಪುಕ್ಕವನ್ನೂ ತೂರಿಸಿದಳು, ಹಿಡಿದುಕೊಂಡವಳು ನಾನು. ಗೂಡಿನ ಬಾಗಿಲಿಗೆ ಹಲಗೆ ಅಡ್ಡ ಇಟ್ಟು ಅಲೆವೂರಿಗೆ ಹೋದೆ. ಮಧ್ಯಾಹ್ನ ಬಂದಾಗ ಅದು ನುಗ್ಗೆ ಮರದ ಬುಡದಲ್ಲಿ, ಬೆಳಿಗ್ಗೆ ಬಿಟ್ಟ ಜಾಗದಲ್ಲೇ ನಿಂತಿತ್ತು. ಕೂತರೆ ಏಳಲಾಗದು ಎಂದೋ ಏನೋ, ನಿಂತೇ ಇತ್ತು.

ನಾಲ್ಕನೆಯ ಬೆಳಿಗ್ಗೆ ಮತ್ತೆ ಅದ್ದಲೆಂದು ಎತ್ತಿದೆ. ಅಂದು ರೆಕ್ಕೆ ಹಿಡಿಯುವ ಬದಲು ಅಂಗೈ ಅಡಿಗೆ ಹೋಯಿತು. ಹೊಟ್ಟೆ ಹಾಲಿನ ಪ್ಲಾಸ್ಟಿಕ್ ತೊಟ್ಟೆಯ ಹಾಗೆ ತುಂಬಿ ಮೆತ್ತಗೆ ಜೋಲುತ್ತಿತ್ತು. ಅಲುಗಿಸಿದರೆ ಒಳಗೆ ನೀರು ಅಲುಗುವುದು ಕೈಗೆ ತಿಳಿಯುತ್ತಿತ್ತು. ಎದೆಯ ಮೂಳೆ ಮಾತ್ರ ಚೂರಿಯ ಹಾಗೆ ಚೂಪು, ಮೇಲೆ ಮಾಂಸವೇ ಇಲ್ಲ. ಜುಟ್ಟು ಬಿಳಚಿ, ತುದಿ ನೀಲಿಗೆ ತಿರುಗಿತ್ತು. ಬಾಲದ ಕೆಳಗೆ ಹಸಿರು ಬಿಳಿ ಹಿಕ್ಕೆ ಒಣಗಿ ಗಟ್ಟಿಯಾಗಿತ್ತು. ಕೆಳಗೆ ಬಿಟ್ಟು ನೋಡಿದೆ. ತುಂಬು ಬಸುರಿ ನಡೆಯುವ ಹಾಗೆ ಕಾಲು ಅಗಲಿಸಿ ಎರಡು ಹೆಜ್ಜೆ ಇಟ್ಟು ನಿಂತಿತು. ಅಕ್ಕ ಮಣಿಪಾಲದ ಮಂಚದಲ್ಲಿ ಮಲಗಿ ಹೇಳಿದ್ದೆಲ್ಲ ಒಂದೊಂದಾಗಿ ನನ್ನ ಕಣ್ಣೆದುರು ಇತ್ತು. ಬಕೆಟ್ಟಿನ ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದೆ.

ಬೇಲಿಯಾಚೆಯವಳು ಹೊಟ್ಟೆ ಮುಟ್ಟಿ ನೋಡಿ ಮುಖ ಸಣ್ಣದು ಮಾಡಿದಳು. ಕಾವು ಎಂದೇ ತಿಳಿದೆ ಮಾರಾಯ್ತಿ ಎಂದಳು. ಇನ್ನು ಉಳಿಯುವುದಿಲ್ಲ, ಸಾಯುವ ಮೊದಲು ಕೊಯ್ದರೆ ಒಂದು ಹೊತ್ತಿನ ಸಾರಿಗಾದರೂ ಆಗುತ್ತದೆ ಎಂದೂ ಸೇರಿಸಿದಳು. ಎಲ್ಲರೂ ಮಾಡುವುದು ಅದನ್ನೇ, ನಾವೂ ಮಾಡಿದ್ದೇವೆ. ಅವಳ ಮೇಲೆ ಸಿಟ್ಟು ಬರಲಿಲ್ಲ. ಬಿಸುವಿಗೆ ಇನ್ನು ಮೂರು ತಿಂಗಳು ಎಂಬುದೊಂದೇ ತಲೆಯಲ್ಲಿತ್ತು.

ಮೀನಿನ ಕೆಲಸಕ್ಕೆ ಹೋಗದೆ, ಹೇಂಟೆಯನ್ನು ಬಟ್ಟೆಯ ಚೀಲದಲ್ಲಿ ಕೂರಿಸಿ, ತಲೆ ಹೊರಗೆ ಬಿಟ್ಟು, ರಿಕ್ಷಾದಲ್ಲಿ ಪಶು ಆಸ್ಪತ್ರೆಗೆ ಹೋದೆ. ಅಲ್ಲಿ ಎರಡು ನಾಯಿ, ಒಂದು ಆಡು ಕಾಯುತ್ತಿದ್ದವು. ಚೀಟಿ ಬರೆಯುವವನು ಚೀಲದೊಳಗೆ ಇಣುಕಿದ.

"ಇದಕ್ಕೆ ಮದ್ದು ಮಸಾಲೆ ಅಲ್ವಾ ಅಕ್ಕ?"

ಆಡು ಹಿಡಿದುಕೊಂಡವನೂ ನಕ್ಕ. ಬೇರೆ ದಿನವಾದರೆ ನಾನೂ ಒಂದು ತಿರುಗಿಸಿ ಹೇಳುತ್ತಿದ್ದೆ. ಮೀನು ಮಾರುವವಳ ಬಾಯಿ ಕಡಿಮೆಯದ್ದಲ್ಲ. ಅಂದು ಚೀಲವನ್ನು ಎದೆಗೊತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತೆ.

ಡಾಕ್ಟರು ಸಣ್ಣ ಪ್ರಾಯದ ಹೆಂಗಸು. ಹೇಂಟೆಯನ್ನು ಮೇಜಿನ ಮೇಲೆ ಕೂರಿಸಿಕೊಂಡು ಮೊದಲು ಕೇಳಿದ್ದು, ಕೊನೆಯ ಮೊಟ್ಟೆ ಯಾವಾಗ ಇಟ್ಟದ್ದು ಎಂದು. ನನಗೆ ಗೊತ್ತಿರಲಿಲ್ಲ. ಎಷ್ಟು ದಿನದಿಂದ ಹೀಗೆ? ಸರಿಯಾಗಿ ಗೊತ್ತಿರಲಿಲ್ಲ. ಹೊಟ್ಟೆ ಯಾವಾಗ ಊದಿದ್ದು? ಅದೂ ಗೊತ್ತಿಲ್ಲ. ಸಾಕುವುದು ಯಾರು ಎಂದು ಕೇಳಿದರು. ಅಕ್ಕ ಎಂದೆ. ಆಮೇಲೆ ಅವರ ಕಣ್ಣು ಮೂಗಿನಲ್ಲಿದ್ದ ಪುಕ್ಕದ ಮೇಲೆ ಬಿತ್ತು. ನಾನೇ ಅದನ್ನು ತೆಗೆಯಬೇಕಿತ್ತು, ಗಾಬರಿಯಲ್ಲಿ ಮರೆತಿದ್ದೆ. ಅವರು ನನ್ನನ್ನು ಒಮ್ಮೆ ನೋಡಿದರು, ಚಿಮಟದಿಂದ ಮೆಲ್ಲಗೆ ಎಳೆದು ತೆಗೆದು, ಆ ಜಾಗಕ್ಕೆ ಹತ್ತಿಯಿಂದ ಔಷಧ ಸವರಿದರು. ಬೈದಿದ್ದರೆ ಚೆನ್ನಾಗಿತ್ತು.

ವಯಸ್ಸಾದ ಹೇಂಟೆಗಳಿಗೆ ಇದು ಬರುವುದುಂಟು ಎಂದು ವಿವರಿಸಿದರು. ಮೊಟ್ಟೆಯ ಹಳದಿ ಸರಿಯಾದ ದಾರಿಯಲ್ಲಿ ಇಳಿಯದೆ ಹೊಟ್ಟೆಯೊಳಗೇ ಬೀಳುತ್ತದೆ, ಅಲ್ಲಿ ಕೆಟ್ಟು ನಂಜಾಗಿ ನೀರು ತುಂಬುತ್ತದೆ. ನೀರು ತುಂಬಿದರೆ ಉಸಿರಾಟಕ್ಕೆ ಜಾಗ ಸಾಲದು, ಮೇವೂ ಸೇರುವುದಿಲ್ಲ. ಕೂತಲ್ಲೇ ಕೂರುವುದು ಅದಕ್ಕೆ. ಕಾವಿಗೆ ಕೂತ ಹೇಂಟೆಯ ಹತ್ತಿರ ಕೈ ತಂದರೆ ಅದು ಉಬ್ಬಿ ಗುರುಗುಟ್ಟಿ ಕುಕ್ಕಲು ಬರುತ್ತದೆ, ಇದು ಕುಕ್ಕಿತಾ ಎಂದು ಕೇಳಿದರು. ಕುಕ್ಕಿರಲಿಲ್ಲ. ಇಷ್ಟು ಸಣ್ಣ ವಿಷಯ. ಅಕ್ಕನ ಕೋಳಿಗಳು ಕಾವಿಗೆ ಕೂತಾಗ ನನ್ನ ಕೈಗೇ ಎಷ್ಟು ಸಲ ಕುಕ್ಕಿದ್ದವು.

ಹೊಟ್ಟೆಯ ಬಲಭಾಗದ ಪುಕ್ಕ ಸರಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಸೂಜಿ ಹಾಕಿ ನೀರು ಎಳೆದರು. ತೆಳು ಹಳದಿ ನೀರು. ಒಂದೇ ಸಲ ಎಲ್ಲ ತೆಗೆಯಬಾರದಂತೆ, ಜೀವ ತಡೆಯುವುದಿಲ್ಲವಂತೆ. ಅದು ನನ್ನ ಕೈಯೊಳಗೆ ಹಗುರಾಗುತ್ತಾ ಹೋಯಿತು. ಕೊನೆಗೆ ಒಮ್ಮೆ ಉದ್ದವಾಗಿ ಉಸಿರು ತೆಗೆದುಕೊಂಡಿತು, ಪಕ್ಕೆ ಹಿಗ್ಗಿದ್ದು ನನಗೆ ತಿಳಿಯಿತು. ಡಾಕ್ಟರು ಹನಿ ಔಷಧ ಕೊಟ್ಟು, ಬೆಳಿಗ್ಗೆ ಸಂಜೆ ಇಷ್ಟಿಷ್ಟು ಹನಿ ಎಂದು ಬರೆದರು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅವರ ಕೈಬರಹ ಓದಲಾಗದು ಎಂದೆ. ಶೀಶೆಯ ಮೇಲೆ ಗೆರೆ ಎಳೆದು ತೋರಿಸಿದರು. ಬೆಚ್ಚಗೆ ಇಡಬೇಕು, ನೀರು ಸೋಕಿಸಬಾರದು ಎಂದರು. ಗುಣವಾಗುವುದಿಲ್ಲವಾ ಎಂದು ಕೇಳಿದೆ. ಪ್ರಾಯ ಆಯಿತಲ್ಲ, ನೀರು ಮತ್ತೆ ತುಂಬಬಹುದು, ಸ್ವಲ್ಪ ಮೊದಲೇ ತಂದಿದ್ದರೆ ಗುಣವಾಗುತ್ತದೆಂದು ಹೇಳಬಹುದಿತ್ತು ಎಂದರು. ಅವರು ಸಹಜವಾಗಿ ಹೇಳಿದ್ದು. ಆ ಮಾತು ಇವತ್ತಿಗೂ ನನ್ನೊಳಗೆ ಕೂತಿದೆ.

ಅಂದು ಸಂಜೆ ಏಳಕ್ಕೆ ಫೋನು ಬಂತು. ಅಕ್ಕ ಕೋಲು ಹಿಡಿದು ಬಾಗಿಲವರೆಗೆ ನಡೆದಳಂತೆ. ಹೇಂಟೆ ಹೇಗುಂಟು ಎಂದಳು. ಹೇಂಟೆ ಒಲೆಯ ಪಕ್ಕ ಬುಟ್ಟಿಯಲ್ಲಿ, ಹಳೆ ಸೀರೆಯ ಮೇಲೆ ಮಲಗಿತ್ತು. ಚೆನ್ನಾಗಿ ಉಂಟು ಎಂದೆ.

ಹೇಳಬಹುದಿತ್ತು. ಮೊದಲ ದಿನವೇ ಹೇಳಿದ್ದರೆ ಅಕ್ಕ ಏನು ಮಾಡಬೇಕೆಂದು ತಾನೇ ಹೇಳಿಕೊಡುತ್ತಿದ್ದಳು. ಅವಳಿಗೆ ಬೇಸರವಾಗುತ್ತದೆ, ನಡಿಗೆ ನಿಂತುಹೋಗುತ್ತದೆ ಎಂದು ಹೇಳಲಿಲ್ಲ ಎಂದು ಅಲೆವೂರಿನ ಒಂದು ಮನೆಯ ಹೆಂಗಸಿನ ಹತ್ತಿರ ಹೇಳಿಕೊಂಡೆ. ಒಳ್ಳೆಯದೇ ಮಾಡಿದಿರಿ ಎಂದರು ಅವರು. ಅದು ಪೂರ್ತಿ ನಿಜವಲ್ಲ ಎಂದು ನನಗೆ ಗೊತ್ತಿತ್ತು. ಹೇಂಟೆ ಇಲ್ಲವಾದರೆ ಅಕ್ಕನಿಗೆ ಈ ಮನೆಗೆ ಬರಲು ಬೇರೆ ಕಾರಣವಿಲ್ಲ ಎಂಬ ಹೆದರಿಕೆ ನನ್ನದು.

ಐದು ದಿನ ನಾನು ಮೀನಿಗೆ ಹೋಗಲಿಲ್ಲ. ಗೆರೆ ನೋಡಿ ಔಷಧದ ಹನಿ ಬಿಡುತ್ತಿದ್ದೆ. ಅಂಟಿದ ಹಿಕ್ಕೆಯನ್ನು ಬಿಸಿನೀರಿನ ಬಟ್ಟೆಯಲ್ಲಿ ನೆನೆಸಿ ತೆಗೆದು, ಕೂಡಲೆ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಅನ್ನ ಮುಟ್ಟದಿದ್ದಾಗ ಬೇಯಿಸಿದ ಬಂಗುಡೆಯ ಮುಳ್ಳು ತೆಗೆದು ಚೂರು ಮಾಡಿ ಅಂಗೈಯಲ್ಲಿ ಹಿಡಿದೆ, ಅದನ್ನು ತಿಂದಿತು. ನನ್ನ ಮೀನಿನ ಕೈ ಅದಕ್ಕೆ ಬೇಡವಾಗಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೆ ಕಾಳಿನ ಚೀಲ, ಜುಟ್ಟು, ಹೊಟ್ಟೆ, ಬಾಲ, ಕಾಲು. ಅಕ್ಕನ ಕ್ರಮ ನನ್ನ ಬೆರಳಿಗೆ ಬಂತು. ಎರಡು ವಾರದಲ್ಲಿ ಜುಟ್ಟು ಮತ್ತೆ ಕೆಂಪಾಯಿತು. ಒಂದು ಮಧ್ಯಾಹ್ನ ನಾನು ಬಂದಾಗ ಬೇಲಿಯ ಬುಡದ ಮಣ್ಣು ಕೆದಕಿ, ಹೊಂಡದಲ್ಲಿ ಮಲಗಿ ಮೈಗೆಲ್ಲ ಧೂಳು ಹಾರಿಸಿಕೊಳ್ಳುತ್ತಿತ್ತು. ನಾನು ಜಗಲಿಯ ಮೇಲೆ ಕೂತು ಅದನ್ನೇ ನೋಡಿದೆ. ಊಟ ಮಾಡಿದ್ದು ಮೂರು ಗಂಟೆಗೆ.

ಅಷ್ಟು ದಿನ ಮನೆ ಖಾಲಿ ಎನಿಸಲಿಲ್ಲ. ಇದನ್ನೂ ಹೇಳಬೇಕು.

ಫೆಬ್ರವರಿಯ ಕೊನೆಗೆ ಹೊಟ್ಟೆ ಮತ್ತೆ ತುಂಬಿತು. ಈ ಸಲ ಮೊದಲ ದಿನವೇ ತಿಳಿಯಿತು, ಮೊದಲ ದಿನವೇ ಹೋದೆ. ಡಾಕ್ಟರು ಮತ್ತೆ ನೀರು ತೆಗೆದರು. ಇನ್ನೊಮ್ಮೆ ತುಂಬಿದರೆ ಸೂಜಿ ಹಾಕಿ ಹಿಂಸೆ ಕೊಡುವುದು ಬೇಡ ಎಂದರು. ಆರನೆಯ ದಿನ ಅದು ಹೋಯಿತು. ನಾನು ಅಲೆವೂರಿನಲ್ಲಿ ಯಾರದೋ ಅಂಗಳದಲ್ಲಿ ಕೂತು ಬೂತಾಯಿ ಮೀನಿನ ತಲೆ ಕತ್ತರಿಸುತ್ತಿದ್ದ ಹೊತ್ತಿಗೆ ಹೋಗಿರಬೇಕು. ಬಂದು ಬೀಗ ತೆಗೆದಾಗ ಬುಟ್ಟಿಯಲ್ಲಿ ತಲೆ ಒಂದು ಪಕ್ಕಕ್ಕೆ ಇಟ್ಟು ಮಲಗಿತ್ತು. ಕಾಲು ಆಗಲೇ ತಣ್ಣಗಿತ್ತು. ಹಿತ್ತಿಲಲ್ಲಿ ಮೊಣಕೈಯಾಳದ ಗುಂಡಿ ತೋಡಿ, ಆ ಸೀರೆಯ ಸಮೇತ ಮಣ್ಣು ಮಾಡಿದೆ. ನಾಯಿ ಕೆದಕದಿರಲಿ ಎಂದು ಮೇಲೆ ಕಲ್ಲು ಇಟ್ಟೆ.

ಅಂದು ಏಳಕ್ಕೆ ಫೋನು ಬಂದಾಗಲೂ ಚೆನ್ನಾಗಿ ಉಂಟು ಎಂದೆ.

ಹೀಗೆ ಎರಡು ವಾರ. ಮೊದಲೆಲ್ಲ ಹದಿನೈದು ದಿನಕ್ಕೊಮ್ಮೆ ಕಾರ್ಕಳಕ್ಕೆ ಹೋಗುತ್ತಿದ್ದವಳು ಸುಳ್ಳು ಶುರುವಾದ ಮೇಲೆ ಹೋಗಿರಲಿಲ್ಲ. ಮುಖ ನೋಡಿ ಹೇಳುವುದು ಕಷ್ಟ, ಫೋನಿನಲ್ಲಿ ಸಲೀಸು. ಒಂದು ಸಂಜೆ ಅಕ್ಕ ಬೇಗ ಕರೆ ಮಾಡಿದಳು, ಇನ್ನೂ ಬೆಳಕಿತ್ತು. ಹೇಂಟೆಯ ಸ್ವರ ಕೇಳದೆ ಎಷ್ಟು ದಿನವಾಯಿತು, ಫೋನು ಅದರ ಹತ್ತಿರ ಹಿಡಿ ಎಂದಳು. ನನ್ನದು ಗುಂಡಿ ಒತ್ತುವ ಫೋನು, ಅದರಲ್ಲಿ ಮುಖ ಕಾಣುವುದಿಲ್ಲ. ನಾನು ಬೇಲಿಯ ಹತ್ತಿರ ಹೋಗಿ ಕೈ ಚಾಚಿ, ಆಚೆಯವಳ ಕೋಳಿಗಳ ಕಡೆಗೆ ಫೋನು ಹಿಡಿದೆ. ಒಂದು ಎಳೆ ಹೇಂಟೆ ಕೊಕ್ ಕೊಕ್ ಎಂದಿತು. ಫೋನನ್ನು ಮತ್ತೆ ಕಿವಿಗೆ ಇಟ್ಟೆ. ಸ್ವರ ಒಳ್ಳೆಯದುಂಟು ಎಂದಳು ಅಕ್ಕ. ಇನ್ನೇನೂ ಕೇಳದೆ ಇಟ್ಟುಬಿಟ್ಟಳು. ನಾನು ಬೇಲಿಯ ಹತ್ತಿರವೇ ನಿಂತಿದ್ದೆ. ಅಷ್ಟು ಒಂಟಿ ಎಂದು ನನಗೆ ಅದಕ್ಕಿಂತ ಮೊದಲು ಅನಿಸಿರಲಿಲ್ಲ. ಇದ್ದ ಒಬ್ಬಳೇ ಅಕ್ಕನ ಜೊತೆಗೂ ಈಗ ನಿಜವಾದ ಒಂದು ಮಾತು ಉಳಿದಿರಲಿಲ್ಲ.

ಅದರ ಮುಂದಿನ ಆದಿತ್ಯವಾರ ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದೆ. ಒಣಮೀನಿನ ಕಟ್ಟು ಕಾಲಡಿಯಲ್ಲಿತ್ತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿದೆ. ಇಳಿಯುವಾಗ ಒಂದೂ ನೆನಪಿರಲಿಲ್ಲ.

ಅಕ್ಕ ವರಾಂಡದ ಕುರ್ಚಿಯಲ್ಲಿದ್ದಳು. ನನ್ನನ್ನು ಕಂಡದ್ದೇ, ಇರು, ಅಲ್ಲೇ ನಿಂತುಕೋ ಎಂದಳು. ಕೋಲನ್ನು ಗೋಡೆಗೆ ಒರಗಿಸಿ, ಏನೂ ಹಿಡಿಯದೆ, ಮೈ ಸ್ವಲ್ಪ ಎಡಕ್ಕೆ ವಾಲಿಸಿ, ಗೇಟಿನ ಕಡೆಯ ಕಂಬದವರೆಗೆ ನಡೆದು ಬಂದಳು. ಹಣೆಯಲ್ಲಿ ಬೆವರು. ಮಗಳು ಒಳಗಿನಿಂದ, ಬಿದ್ದರೆ ನಾನು ಎತ್ತುವುದಿಲ್ಲ ಎಂದು ಗದರಿದಳು. ಅಕ್ಕ ಅವಳಿಗೆ ಉತ್ತರ ಕೊಡದೆ ನನ್ನನ್ನು ನೋಡಿ ನಕ್ಕಳು. ಚಹಾ ಕುಡಿದಾದ ಮೇಲೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬ ತರಿಸಿದಳು. ಮಗಳ ಮನೆಯ ಅಕ್ಕಿಯನ್ನು ದಿನಾ ಮೊರದಲ್ಲಿ ಗೇರಿ, ನುಚ್ಚನ್ನು ಬೇರೆ ಮಾಡಿ, ಕೂಡಿಟ್ಟಿದ್ದಳು. ಹೇಂಟೆಗೆ ಹಾಕು, ನೆನೆಸಿ ಹಾಕು, ಹಲ್ಲಿಲ್ಲದ ಮುದುಕಿ ಎಂದಳು.

ಡಬ್ಬ ನನ್ನ ಮಡಿಲಿಗೆ ಬಂತು. ನಾನು ಅದನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ.

"ಅಕ್ಕ, ಹೇಂಟೆ ಇಲ್ಲ" ಎಂದೆ.

ಅವಳು ಸೀರೆಯ ಸೆರಗು ಸರಿಮಾಡಿಕೊಂಡಳು. ಯಾವಾಗ ಎಂದು ಕೇಳಿದಳು, ಹೇಳಿದೆ. ಹೊಟ್ಟೆಯಲ್ಲಿ ನೀರಾ ಎಂದಳು. ಹೂಂ ಎಂದೆ. ಕಾಲು ಅಗಲ ಮಾಡಿ ನಡೆಯುತ್ತಿತ್ತಾ ಎಂದಳು. ಡಾಕ್ಟರು ಕೇಳಿದಂಥ ಪ್ರಶ್ನೆಗಳೇ, ಆದರೆ ಈಗ ನನ್ನಲ್ಲಿ ಉತ್ತರವಿತ್ತು. ಒಂದನ್ನೂ ಬಿಡದೆ ಹೇಳಿದೆ. ಕಾವಿಗೆ ಕೂತಿದೆ ಎಂದುಕೊಂಡದ್ದು, ಬಾವಿಯ ನೀರು, ಪುಕ್ಕ, ಸೂಜಿ, ಒಲೆಯ ಪಕ್ಕದ ಬುಟ್ಟಿ, ಬಂಗುಡೆ. ಪುಕ್ಕದ ಮಾತು ಬಂದಾಗ ಅಕ್ಕ ಕಣ್ಣು ಮುಚ್ಚಿದಳು. ತನ್ನ ಕೋಳಿಗಳಿಗೆ ಅದನ್ನು ಅವಳು ಯಾವತ್ತೂ ಮಾಡಿದವಳಲ್ಲ.

"ಅವತ್ತು ಫೋನಿನಲ್ಲಿ ಕೂಗಿದ್ದು?"

"ಬೇಲಿಯಾಚೆಯದ್ದು."

"ನನ್ನದಕ್ಕೆ ಅಷ್ಟು ಸ್ವರ ಎಲ್ಲಿಂದ ಬರಬೇಕು" ಎಂದಳು ಅಕ್ಕ. ಆಮೇಲೆ ಕೇಳಿದಳು, "ಯಾಕೆ ಹೇಳಲಿಲ್ಲ ನೀನು?"

ಮಗಳು ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳ ಎದುರೇ ಹೇಳಬೇಕಾಯಿತು. ನಮ್ಮ ಮನೆಯಲ್ಲಿ ಒಬ್ಬರಿಗೊಬ್ಬರು ಕ್ಷಮೆ ಕೇಳುವ ಅಭ್ಯಾಸವಿಲ್ಲ. ಜಗಳವಾದರೆ ಎರಡು ದಿನ ಮಾತು ಬಿಡುತ್ತೇವೆ, ಮೂರನೆಯ ದಿನ ಒಬ್ಬರು ಇನ್ನೊಬ್ಬರ ಬಟ್ಟಲಿಗೆ ದೊಡ್ಡ ಮೀನಿನ ತುಂಡು ಹಾಕುತ್ತೇವೆ, ಅಲ್ಲಿಗೆ ಮುಗಿಯಿತು. ತಪ್ಪಾಯಿತು ಎಂಬ ಮಾತನ್ನು ನಾನು ದೈವದ ಎದುರು ಕೈಮುಗಿದು ಹೇಳಿದ್ದೇನೆಯೇ ಹೊರತು ಮನುಷ್ಯರ ಎದುರು ಹೇಳಿದವಳಲ್ಲ. ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ:

"ಹೇಂಟೆ ಇಲ್ಲ ಎಂದರೆ ನೀನು ಬರುವುದಿಲ್ಲ ಎಂದು ಹೆದರಿದೆ, ಅಕ್ಕ. ಅದಕ್ಕೇ ಹೇಳಲಿಲ್ಲ. ನೀನು ಬರಲೇಬೇಕೆಂದು ಇಲ್ಲ. ಇಲ್ಲಿ ನಿನಗೆ ಸುಖ ಉಂಟಾದರೆ ಇಲ್ಲೇ ಇರು, ನಾನು ಬಂದು ಹೋಗುತ್ತೇನೆ. ನೀನು ನೋಡು ಎಂದದ್ದನ್ನು ನಾನು ನೋಡಲಿಲ್ಲ. ಹುಷಾರಿಲ್ಲದ್ದನ್ನು ತಣ್ಣೀರಿಗೆ ಅದ್ದಿದೆ. ನಿನಗೆ ಸುಳ್ಳು ಹೇಳಿದೆ. ತಪ್ಪಾಯಿತು ಅಕ್ಕ, ನನ್ನದು ದೊಡ್ಡ ತಪ್ಪಾಯಿತು."